ಕೊಳೆ ಹಿಡಿದ ವರ್ಷಗಳು

ಖಿಮುಲಿ ಏರು ಹತ್ತಿ ಬಂದವಳು ಕುಡಿಯಲು ನೀರು ಕೂಡ ಕೇಳಲಿಲ್ಲ. ಆಶ್ರಮದ ಜಗಲಿಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೊರಟೆವು ಬಾಬಾ," ಎಂದಳು. "ಹುಣ್ಣಿಮೆಯ ಮರುದಿನ. ಮೂವತ್ತೊಂದು ಮನೆಯವರೂ."

ಅಡವಿಸ್ವಾಮಿಗಳು ಕೈಯಲ್ಲಿದ್ದ ಜಪಸರ ಕೆಳಗಿಟ್ಟರು. "ಎಲ್ಲಿಗೆ?"

"ಬಯಲಿಗೆ. ಅಲ್ಲಿ ಏನಿದೆಯೋ ಯಾರು ಕಂಡಿದ್ದಾರೆ? ಇಲ್ಲಂತೂ ಏನೂ ಇಲ್ಲ."

ಅವಳ ಊರು ಸೇಮಧಾರ. ಹಿಮಾಲಯದ ಒಂದು ಏಣಿನ ಮೇಲೆ, ಆಶ್ರಮಕ್ಕಿಂತ ಎರಡು ಗಂಟೆ ಕೆಳಗೆ ಇದೆ. ಹಿಮ ಕರಗಿದ ನೀರು ಕಮರಿಯ ತಳದಲ್ಲಿ ಭೋರ್ಗರೆದು ಹೋಗುತ್ತದೆ, ಹೊಲಗಳೋ ಮೇಲಿವೆ. ಆಕಾಶದಿಂದ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾಲ್ಕು ವರ್ಷಗಳಿಂದ ಮಳೆ ಸರಿಯಾಗಿ ಬಿದ್ದಿರಲಿಲ್ಲ.

ಮೂಲೆಯಲ್ಲಿ ಬೇಳೆ ಆರಿಸುತ್ತಿದ್ದ ಚಂದ್ರಾಮ ಮೊರ ಪಕ್ಕಕ್ಕಿಟ್ಟ.

ಚಂದ್ರಾಮ ಸ್ವಾಮಿಗಳ ಶಿಷ್ಯ. ಇಳಕಲ್ಲಿನ ಕಡೆಯ ನೇಕಾರ, ನಲವತ್ತು ದಾಟಿದ ಮೇಲೆ ಮಗ್ಗ ಬಿಟ್ಟು ಗುರುವನ್ನು ಹುಡುಕಿಕೊಂಡು ಬಂದವನು. ಎರಡು ವರ್ಷದ ಹಿಂದೆ ದಾರಿ ತಪ್ಪಿ ಹಿಮದಲ್ಲಿ ಬಿದ್ದಿದ್ದಾಗ ಅವನನ್ನು ಮನೆಗೆ ಎಳೆದುಕೊಂಡು ಹೋದವಳು ಈ ಖಿಮುಲಿ. ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸಾಸಿವೆ ಎಣ್ಣೆ ತಿಕ್ಕಿದ್ದಳು, ಜವೆಗೋಧಿಯ ಗಂಜಿ ಕುಡಿಸಿದ್ದಳು. ಅಂದಿನಿಂದ ಅವನು ಅವಳನ್ನು ಅವ್ವ ಎಂದು ಕರೆಯುತ್ತಾನೆ. ಆ ಮಾತಿನ ಅರ್ಥ ಅವಳಿಗೆ ಗೊತ್ತಿಲ್ಲ, ಕರೆದರೆ ಓಗೊಡುತ್ತಾಳೆ.

"ಮಳೆ ಹೀಗೆ ಕೈಕೊಟ್ಟದ್ದು ಹಿಂದೆ ಯಾವಾಗ?" ಸ್ವಾಮಿಗಳು ಕೇಳಿದರು.

"ಯಾವತ್ತೂ ಇಲ್ಲ ಬಾಬಾ. ನಮ್ಮಜ್ಜಿ ಬೇಕಾದಷ್ಟು ಹೇಳುತ್ತಿದ್ದಳು, ಇದನ್ನು ಹೇಳಲಿಲ್ಲ. ಅಜ್ಜಿಯ ಅಜ್ಜಿಯ ಕಾಲದ ಸುದ್ದಿ ಕೇಳಿದರೆ ಯಾರಿಗೆ ಗೊತ್ತು?"

"ಗೊತ್ತಿರುವವರು ಒಬ್ಬರಿದ್ದಾರೆ." ಸ್ವಾಮಿಗಳು ಗದ್ದ ಎತ್ತಿ ಮೇಲಿನ ಹಿಮದ ಗೋಡೆಯನ್ನು ತೋರಿಸಿದರು. "ಕೇಳಿ ನೋಡೋಣ. ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಬಾ. ಊರಿನ ಪ್ರಧಾನನನ್ನೂ ಕರೆದುಕೊಂಡು ಬಾ."

"ಹಿಮ ಮಾತಾಡುತ್ತದಾ?"

"ಮಾತಾಡುವುದಿಲ್ಲ. ನೋಡಿ ತಿಳಿದುಕೊಳ್ಳಬೇಕು."

ಖಿಮುಲಿ ಇಳಿದು ಹೋದ ಮೇಲೆ ಸ್ವಾಮಿಗಳು ಶಿಷ್ಯನ ಕಡೆ ತಿರುಗಿದರು. ಅವರೂ ಇಳಕಲ್ಲಿನ ಸೀಮೆಯವರು. ಹಿಮಾಲಯಕ್ಕೆ ಬಂದು ಅರವತ್ತು ವರ್ಷವಾದರೂ ನಾಲಿಗೆ ಊರನ್ನು ಬಿಟ್ಟು ಬಂದಿರಲಿಲ್ಲ. ಬೆಟ್ಟದವರ ಜೊತೆ ಬೆಟ್ಟದ ಮಾತು, ಇವರಿಬ್ಬರೇ ಇದ್ದರೆ ಊರ ಮಾತು.

"ಚಂದ್ರಾಮ, ನಾಳೆ ಮುಂಜಾನೆ ಕೊಳವಿ ತಗೊಂಡು ಮ್ಯಾಲ ಹೋಗು."

ಕೊಳವಿ ಅಂದರೆ ತೋಳುದ್ದದ ಕಬ್ಬಿಣದ ಕೊಳವೆ. ಬಾಯಿಗೆ ಗರಗಸದ ಹಲ್ಲು, ತಲೆಗೆ ಅಡ್ಡ ಹಿಡಿಕೆ. ಹಿಮದ ಮೇಲೆ ನಿಲ್ಲಿಸಿ ಒತ್ತಿ ತಿರುಗಿಸಿದರೆ ಹಿಮದ ಉದ್ದನೆಯ ತುಂಡೊಂದು ಕೊಳವೆಯೊಳಗೆ ಕೂತು ಮೇಲೆ ಬರುತ್ತದೆ. ಹೋದ ವರ್ಷ ಗುರುಗಳೇ ಜೊತೆ ನಿಂತು ಕಲಿಸಿದ್ದರು.

"ಕೆಳಗ ಊರಾಗ ಮಳಿ ಆದಾಗ ಮ್ಯಾಲ ಅದ ಹಿಮ ಆಗಿ ಬೀಳ್ತೈತಿ," ಎಂದಿದ್ದರು ಆಗ. "ಬ್ಯಾಸಗ್ಯಾಗ ಗಾಳಿ ಬಂದು ಅದರ ಮ್ಯಾಲ ಧೂಳ ಹಾಕ್ತೈತಿ. ಒಂದು ಬಿಳಿ ಪಟ್ಟಿ, ಒಂದು ಕೊಳಿ ಗೆರಿ. ಒಂದು ವರ್ಷದ ಲೆಕ್ಕ ಆತು."

"ಪಟ್ಟಿ ದಪ್ಪ ಇದ್ರ?"

"ಚಲೋ ಮಳಿ."

"ತೆಳ್ಳಗಿದ್ರ?"

"ನೀನ ಹೇಳು. ಮಳಿ ಕಾಣದ ಊರಿಂದ ಬಂದಾವ ನೀನು."

ತುಂಡುಗಳ ಸರತಿ ತಪ್ಪಬಾರದು. ಅದಕ್ಕೆ ಪ್ರತಿ ತುಂಡಿನ ಮೇಲ್ತುದಿಗೆ ಒಂದು ದಾರ ಕಟ್ಟಬೇಕು, ಎಷ್ಟನೆಯದೋ ಅಷ್ಟು ಗಂಟು ಹಾಕಬೇಕು. ಹತ್ತಕ್ಕೊಂದು ದೊಡ್ಡ ಗಂಟು. ನೇಕಾರನಿಗೆ ಹೇಳಿಕೊಡಬೇಕಾದ ಕೆಲಸವಲ್ಲ ಅದು.

ಮರುದಿನ ಬೆಳಗಾಗುತ್ತಲೇ ಚಂದ್ರಾಮ ಹತ್ತಿದ. ಹಿಮದ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಒಡೆದ ಜಾಗವೊಂದಿತ್ತು. ಮೇಲಿನ ಮೆಟ್ಟಿಲಲ್ಲಿ ಕೊರೆಯುವುದು, ಅದು ಮುಗಿದಲ್ಲಿ ಕೆಳಗಿನ ಮೆಟ್ಟಿಲಿನಿಂದ ಮುಂದುವರಿಸುವುದು. ಕೆಳಗಿಳಿದಷ್ಟೂ ಹಳೆಯ ವರ್ಷ.

ಮೊದಲ ತುಂಡಿನ ಮೇಲ್ತುದಿಯಲ್ಲಿ ನಾಲ್ಕು ಪಟ್ಟಿ ಎರಡೆರಡು ಬೆರಳು ಅಗಲವಾಗಿದ್ದವು. ಇವು ಸೇಮಧಾರದ ಈಗಿನ ನಾಲ್ಕು ವರ್ಷ. ಅದರ ಕೆಳಗೆ ಅಂಗೈ ಅಗಲದ ಪಟ್ಟಿಗಳು ಶುರುವಾದವು. ಎರಡನೆಯ ತುಂಡು, ಹತ್ತನೆಯದು, ಇಪ್ಪತ್ತನೆಯದು, ಎಲ್ಲ ಅಂಗೈ ಅಗಲ. ಚಂದ್ರಾಮನಿಗೆ ಖುಷಿ ತಡೆಯಲಾಗಲಿಲ್ಲ. ಅವ್ವ ಇದನ್ನು ನೋಡಿದರೆ ಗಂಟುಮೂಟೆ ಬಿಚ್ಚುತ್ತಾಳೆ ಎಂದುಕೊಂಡ.

ಎರಡನೆಯ ದಿನ ಮಧ್ಯಾಹ್ನ ಇಪ್ಪತ್ತನಾಲ್ಕನೆಯ ತುಂಡು ಹೊರಬಂತು.

ಅದು ಕೊಳಕಾಗಿತ್ತು. ಅರ್ಧದಿಂದ ಕೆಳಗೆ ಪಟ್ಟಿಗಳು ಎರಡೇ ಬೆರಳು, ನಡುನಡುವೆ ಕಂದು ಕಪ್ಪು ಗೆರೆ. ಇಪ್ಪತ್ತೈದನೆಯದರ ತಲೆಯೂ ಹಾಗೇ. ಚಂದ್ರಾಮ ಎಣಿಸಿದ. ಹನ್ನೊಂದು ವರ್ಷ. ಮತ್ತೊಮ್ಮೆ ಎಣಿಸಿದರೂ ಹನ್ನೊಂದೇ ಬಂತು.

ಇಪ್ಪತ್ತಾರರಿಂದ ಮತ್ತೆ ಅಂಗೈ ಅಗಲ. ಮೂವತ್ತರವರೆಗೂ ಹಾಗೇ.

ಅವನು ಹಿಮದ ಮೇಲೆ ಕೂತುಬಿಟ್ಟ. ನಾಲ್ಕು ವರ್ಷಕ್ಕೇ ಕಂಗಾಲಾದವರಿಗೆ ಹನ್ನೊಂದು ವರ್ಷದ ಬರ ತೋರಿಸುವುದೇ? ಅವರು ಅದೇ ದಿನ ಊರು ಬಿಡುತ್ತಾರೆ. ಅವ್ವ ಬಯಲಿನ ಬಿಸಿಲಲ್ಲಿ ಯಾರದೋ ಮನೆಯ ಪಾತ್ರೆ ತಿಕ್ಕುತ್ತಾಳೆ.

ಮಗ್ಗದ ಮೇಲೆ ಕೂತಾಗ ಅವನು ಸಾವಿರ ಸಲ ಮಾಡಿದ ಕೆಲಸವೊಂದಿತ್ತು. ಹುಳುಕು ಎಳೆ ಬಂದರೆ ಕಡಿದು ತೆಗೆದು, ಒಳ್ಳೆಯ ಎರಡು ತುದಿಗಳನ್ನು ಗಂಟು ಕಾಣದ ಹಾಗೆ ಕೂಡಿಸುವುದು. ಕೈ ತನ್ನಷ್ಟಕ್ಕೆ ತಾನೇ ಅದನ್ನೇ ಮಾಡಿತು. ಎರಡು ಕೊಳೆ ತುಂಡುಗಳನ್ನು ಪಕ್ಕಕ್ಕಿಟ್ಟ. ಇಪ್ಪತ್ತಾರಕ್ಕೆ ಇಪ್ಪತ್ತನಾಲ್ಕರ ದಾರ, ಇಪ್ಪತ್ತೇಳಕ್ಕೆ ಇಪ್ಪತ್ತೈದರದು, ಹೀಗೆ ಕೊನೆಯವರೆಗೂ ಬದಲಿಸಿದ. ಕೊಳೆ ತುಂಡುಗಳನ್ನು ಎಸೆಯಲು ಮನಸ್ಸು ಬರಲಿಲ್ಲ, ಬಂಡೆಯ ಸಂದಿಯಲ್ಲಿ ಇಟ್ಟ.

ಉಳಿದ ಇಪ್ಪತ್ತೆಂಟನ್ನು ಹುಲ್ಲು ಹಾಸಿ ಕಂಬಳಿಯಲ್ಲಿ ಸುತ್ತಿ ಎರಡು ಸಲಕ್ಕೆ ಹೊತ್ತು ತಂದ. ಆಶ್ರಮದ ಹಿಂದಿನ ತಣ್ಣನೆಯ ಗುಹೆಯಲ್ಲಿ ಮರದ ತೊಟ್ಟಿಯೊಳಗೆ ಸಾಲಾಗಿ ಜೋಡಿಸಿದ.

ಸ್ವಾಮಿಗಳು ಕೋಲೂರಿಕೊಂಡು ಬಂದು ನೋಡಿದರು. "ಎಲ್ಲಾ ಬಂದಾವೇನು?"

"ಬಂದಾವ್ರಿ, ಅಪ್ಪಾರ."

ಅವರು ದಾರಗಳ ಮೇಲೆ ಬೆರಳಾಡಿಸುತ್ತ ಹೋದರು. ಇಪ್ಪತ್ತನಾಲ್ಕನೆಯದರ ಹತ್ತಿರ ಬೆರಳು ನಿಂತಿತು.

"ನಿನ್ನ ಗಂಟು ಭಾಳ ಚಂದ ಅದಾವ," ಎಂದರು. ಅಷ್ಟೇ ಹೇಳಿ ಹೊರಟುಹೋದರು.

ಹೇಳಿದ ದಿನ ಖಿಮುಲಿ ಬಂದಳು. ಜೊತೆಗೆ ಊರ ಪ್ರಧಾನ ಬಚನಸಿಂಗ್, ಮಾತು ಕಡಿಮೆ ಸಿಟ್ಟು ಜಾಸ್ತಿ ಇರುವ ಐವತ್ತರ ಆಳು. ಸ್ವಾಮಿಗಳು ಗುಹೆಯ ಬಾಗಿಲಲ್ಲಿ ಕೂತರು. ತೋರಿಸುವ ಕೆಲಸ ಚಂದ್ರಾಮನದು.

ಅವನು ಉತ್ಸಾಹದಿಂದಲೇ ತೋರಿಸಿದ. ಇದು ನಿಮ್ಮ ನಾಲ್ಕು ವರ್ಷ. ಇದು ನಿಮ್ಮಪ್ಪನ ಕಾಲ, ಇದು ಅಜ್ಜನ ಕಾಲ. ನೋಡಿ, ಎಲ್ಲ ಅಂಗೈ ಅಗಲ. ನೂರೈವತ್ತು ವರ್ಷದ ಮೇಲಾಯಿತು, ಒಂದಾದರೂ ಸೊರಗಿದ ಪಟ್ಟಿ ಇದೆಯೇ ನೋಡಿ.

ಬಚನಸಿಂಗ್ ಬಗ್ಗಿ ಒಂದೊಂದೇ ತುಂಡು ನೋಡುತ್ತ ಕೊನೆಯವರೆಗೂ ಹೋಗಿ ಬಂದ. ಖಿಮುಲಿ ನಿಂತಲ್ಲೇ ನಿಂತಿದ್ದಳು.

"ಅಂದರೆ ಯಾರಿಗೂ ಹೀಗಾಗಿರಲಿಲ್ಲ," ಎಂದಳು ಕಡೆಗೆ.

"ಹೂಂ ಅವ್ವ, ಯಾವಾಗಲೂ ಮಳೆ ಇದ್ದೇ ಇತ್ತು."

"ಯಾವಾಗಲೂ ಇದ್ದದ್ದು ನಮ್ಮ ಕಾಲಕ್ಕೇ ನಿಂತಿತು." ಅವಳು ಬಾಬಾನ ಕಡೆ ತಿರುಗಿದಳು. "ಮನಸ್ಸಿನಲ್ಲಿ ಒಂದು ಅನುಮಾನ ಇತ್ತು ಬಾಬಾ. ಹಿಂದೆಯೂ ಹೀಗಾಗಿತ್ತೇನೋ, ಯಾರೋ ತಾಳಿಕೊಂಡಿದ್ದರೇನೋ ಅಂತ. ಈಗ ತಿಳಿಯಿತು. ನಮಗೂ ಈ ನೆಲಕ್ಕೂ ಋಣ ಮುಗಿಯಿತು."

"ಹುಣ್ಣಿಮೆವರೆಗೂ ಕಾಯುವುದು ಯಾಕೆ?" ಎಂದ ಬಚನಸಿಂಗ್. "ನಾಳಿದ್ದೇ ಹೊರಡೋಣ."

ಇಬ್ಬರೂ ಕೈಮುಗಿದು ಹೊರಟರು. ಒಳ್ಳೆಯ ವರ್ಷಗಳನ್ನೇ ಆರಿಸಿ ತಂದು, ಅವರಿಗಿದ್ದ ಚೂರುಪಾರು ಆಸೆಯನ್ನೂ ಚಂದ್ರಾಮನೇ ಕಿತ್ತುಹಾಕಿದ್ದ.

ಹೆಜ್ಜೆ ಸಪ್ಪಳ ಅಡಗಿದ ಮೇಲೆ ಗುರುಗಳ ಮುಂದೆ ಬಂದು ಕೂತ.

"ಅಪ್ಪಾರ, ನಾ ಎರಡು ತುಂಡು ಬಿಟ್ಟು ಬಂದೇನ್ರಿ."

"ಗೊತ್ತೈತಿ. ಆ ಹನ್ನೊಂದು ವರ್ಷ ನಾನೂ ಒಮ್ಮೆ ಎಣಿಸೇನಿ."

"ಗೊತ್ತಿದ್ದೂ ಸುಮ್ಮನ ಕುಂತ್ರಿ?"

"ತಗದಾವ ನೀನು. ತಿರುಗಿ ಇಡಾವನೂ ನೀನ ಆಗಬೇಕಲ್ಲ."

"ಅವರಿಗೆ ಧೈರ್ಯ ಬರ್ಲಿ ಅಂತ ಮಾಡಿದ್ನಿರಿ. ಕೆಟ್ಟ ಎಳಿ ತಗದೆ."

"ಸೀರಿಯಾಗ ಕೆಟ್ಟ ಎಳಿ ತಗದ್ರ ಉಡಾಕ ಚಂದ ಆಗ್ತೈತಿ," ಎಂದರು ಸ್ವಾಮಿಗಳು. "ಆಕಿ ಸೀರಿ ಕೇಳಾಕ ಬಂದಿದ್ಲೇನು?"

ಚಂದ್ರಾಮ ಎದ್ದ. ಚಪ್ಪಲಿ ಮೆಟ್ಟಿಕೊಳ್ಳುವಷ್ಟೂ ತಾಳ್ಮೆ ಇರಲಿಲ್ಲ. ಇಳಿಜಾರಿನಲ್ಲಿ ಎರಡು ಸಲ ಬಿದ್ದು, ಮೊಣಕೈ ತರಚಿಕೊಂಡು, ದೇವದಾರು ಮರಗಳ ತಿರುವಿನಲ್ಲಿ ಅವರನ್ನು ಹಿಡಿದ. ಏದುಸಿರು ಬಿಡುತ್ತಲೇ ಎಲ್ಲ ಹೇಳಿದ. ಹನ್ನೊಂದು ವರ್ಷ, ಎರಡು ತುಂಡು, ಬದಲಿಸಿದ ದಾರ, ಯಾವುದನ್ನೂ ಬಿಡಲಿಲ್ಲ.

ಬಚನಸಿಂಗ್ ಮುಷ್ಟಿ ಬಿಗಿದ. "ಊರಿನ ಹಣೆಬರಹದ ಜೊತೆ ಆಟ ಆಡುತ್ತೀಯಾ?"

ಖಿಮುಲಿ ಅವನನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಚಂದ್ರಾಮನ ಮುಖವನ್ನೇ ನೋಡಿದಳು.

"ನನ್ನನ್ನು ಅವ್ವ ಅಂತೀಯಲ್ಲ. ಹಾಗೆಂದರೆ ಏನು?"

"ತಾಯಿ ಅಂತ."

"ತಾಯಿ ಹಸಿವು ಕಂಡಿಲ್ಲ ಅಂದುಕೊಂಡೆಯಾ? ನಿನಗಿಂತ ಜಾಸ್ತಿ ಕಂಡಿದ್ದೇನೆ ಕಣೋ. ನನ್ನಿಂದ ಏನು ಮುಚ್ಚಿಡುತ್ತೀ ನೀನು?"

ಚಂದ್ರಾಮನಿಗೆ ಅಳು ಬಂತು. ನಾಚಿಕೆಪಡದೆ ಅತ್ತ.

"ಅತ್ತದ್ದು ಸಾಕು," ಎಂದಳು ಅವಳು. "ಎಲ್ಲಿಟ್ಟಿದ್ದೀ, ತೋರಿಸು ನಡೆ."

ಮರುದಿನ ಬೆಳಗ್ಗೆ ಮೂವರೂ ಮೇಲೆ ಹತ್ತಿದರು. ಬಂಡೆಯ ಸಂದಿಯಲ್ಲಿ ಒಂದಿಷ್ಟು ಒದ್ದೆ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಇಳಿಹೊತ್ತಿನ ಬಿಸಿಲು ಅಲ್ಲಿಗೂ ನುಗ್ಗುತ್ತದೆಂದು ಚಂದ್ರಾಮನಿಗೆ ತಿಳಿದಿರಲಿಲ್ಲ.

ಅವನು ಕೆಸರಿಗೆ ಬೆರಳು ಅದ್ದಿ ನೋಡಿದ. "ಹೋಯಿತು," ಎಂದ.

ಬಚನಸಿಂಗ್ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ ಹಿಮದ ಗೋಡೆಯ ಕಡೆ ಕೈ ಮಾಡಿದ. "ಇಷ್ಟು ದೊಡ್ಡದು ಇಲ್ಲೇ ನಿಂತಿದೆಯಲ್ಲ, ಎಲ್ಲಿ ಹೋಯಿತು? ಪಕ್ಕದಲ್ಲಿ ಇನ್ನೊಂದು ತೂತು ಕೊರೆ. ಯಾವ ಮೆಟ್ಟಿಲು ಹೇಳು."

ಚಂದ್ರಾಮ ಮೆಟ್ಟಿಲು ತೋರಿಸಿದ. ಕೊಳವಿಯ ಹಿಡಿಕೆಯ ಒಂದು ಕಡೆ ಬಚನಸಿಂಗ್, ಇನ್ನೊಂದು ಕಡೆ ಖಿಮುಲಿ ನಿಂತರು. ಅವನು ಕೈಹಾಕಲು ಹೋದರೆ ಅವಳು ಬಿಡಲಿಲ್ಲ. ಬೀಸುವ ಕಲ್ಲು ತಿರುಗಿಸಿದ ಕೈ ಅವಳದು, ಒಂದೇ ಹದದಲ್ಲಿ ತಿರುಗಿಸಿದಳು. ಬೇಕಾಗಿದ್ದ ಎರಡು ತುಂಡು ಮಧ್ಯಾಹ್ನದ ಹೊತ್ತಿಗೆ ಹೊರಬಂದವು. ಮೊದಲಿನಷ್ಟೇ ಕೊಳಕಾಗಿದ್ದವು.

ಆಶ್ರಮದ ಅಂಗಳದಲ್ಲಿ ಸ್ವಾಮಿಗಳ ಮುಂದೆ ಅವನ್ನು ಇಟ್ಟರು. ಬಚನಸಿಂಗ್ ತಾನೇ ಉಗುರು ಊರಿ ಎಣಿಸಿದ.

"ಹನ್ನೊಂದು," ಎಂದ. ಉಗುರನ್ನು ಮೇಲಿನ ಪಟ್ಟಿಗೆ ಸರಿಸಿ, "ಅದು ಮುಗಿದ ವರ್ಷದ ಪಟ್ಟಿ ಅಂಗೈಗಿಂತಲೂ ಅಗಲ," ಎಂದ.

"ಮಳೆ ಬಂತು," ಎಂದಳು ಖಿಮುಲಿ.

"ಬಂತು, ಸರಿ. ಆದರೆ ಆಗ ಊರು ಇತ್ತೇ?" ಬಚನಸಿಂಗ್ ಬಾಬಾನನ್ನು ನೋಡಿದ. "ಎಲ್ಲರೂ ಓಡಿಹೋಗಿರಬಹುದು. ಮಳೆ ಬಂದ ಮೇಲೆ ಬೇರೆ ಯಾರೋ ಬಂದು ನೆಲೆಸಿರಬಹುದು. ನಾವು ಅವರ ಮಕ್ಕಳಿರಬಹುದು."

ಸ್ವಾಮಿಗಳು ತಲೆಯಾಡಿಸಿದರು, ಒಳ್ಳೆಯ ಪ್ರಶ್ನೆ ಎನ್ನುವಂತೆ. ಬಿಳಿ ಪಂಚೆಯೊಂದನ್ನು ತರಿಸಿ ಬಿಸಿಲಲ್ಲಿ ಹಾಸಿಸಿದರು. ಒಂದೊಂದು ಕೊಳೆ ಗೆರೆಯನ್ನೂ ಚಾಕುವಿನಿಂದ ಬಿಡಿಸಿ, ಒಂದರ ಪಕ್ಕ ಒಂದರಂತೆ ಹನ್ನೊಂದು ಬಿಲ್ಲೆ ಇಡಲು ಚಂದ್ರಾಮನಿಗೆ ಹೇಳಿದರು. ಈ ಸಲ ಅವನು ಮೂರು ಸಲ ಎಣಿಸಿ ಇಟ್ಟ.

ಹಿಮ ಕರಗಿತು. ನೀರು ಬಟ್ಟೆಯಲ್ಲಿ ಇಂಗಿ, ಹನ್ನೊಂದು ಕಲೆ ಉಳಿದವು.

"ತಾಯಿ, ಮುಟ್ಟಿ ನೋಡು," ಎಂದರು ಸ್ವಾಮಿಗಳು.

ಖಿಮುಲಿ ಮೊದಲ ಕಲೆಯನ್ನು ಬೆರಳಿನಿಂದ ತೀಡಿದಳು. ಕಂದು ಪುಡಿ ಉದುರಿತು, ಬೆರಳಿಗೆ ಕಪ್ಪು ಹತ್ತಿಕೊಂಡಿತು. ಒರೆಸಿದರೆ ಹೋಗಲಿಲ್ಲ. ಹೆಬ್ಬೆರಳಿನಿಂದ ಉಜ್ಜಿದರೆ ಜಿಡ್ಡಿನ ಹಾಗೆ ಹರಡಿತು.

"ಕಂದು ಇರುವುದು ಧೂಳು," ಎಂದಳು. "ಇದು ಮಸಿ. ಐವತ್ತು ವರ್ಷದಿಂದ ದಿನಾ ಪಾತ್ರೆಯ ತಳದಿಂದ ತಿಕ್ಕಿ ತೆಗೆದಿದ್ದೇನೆ, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ."

"ಕಾಡ್ಗಿಚ್ಚಿನದ್ದಿರಬಹುದು," ಎಂದ ಬಚನಸಿಂಗ್.

"ಕಾಡು ಬಿಟ್ಟೂ ಬಿಡದೆ ಹನ್ನೊಂದು ವರ್ಷ ಸುಡುತ್ತದೇನಪ್ಪಾ?" ಎಂದರು ಸ್ವಾಮಿಗಳು.

ಖಿಮುಲಿ ಎರಡನೆಯ ಕಲೆ ತೀಡಿದಳು. ಮಸಿ. ಮೂರನೆಯದು. ಹೀಗೆ ಹನ್ನೊಂದನ್ನೂ ತೀಡಿ ಕಪ್ಪಾದ ಬೆರಳುಗಳನ್ನು ನೋಡುತ್ತ ಕೂತಳು. ಕಣ್ಣಲ್ಲಿ ನೀರು ತುಂಬಿತ್ತು, ಮುಖದಲ್ಲಿ ನಗುವಿತ್ತು.

"ಇದ್ದಳು," ಎಂದಳು. "ನನ್ನ ಹಾಗೇ ಒಬ್ಬಳು ಇದ್ದಳು. ಅವಳ ಒಲೆಯ ಹೊಗೆ ಈ ಹಿಮದ ಮೇಲೆ ಕೂತಿದೆ. ಹನ್ನೊಂದು ವರ್ಷ ಒಲೆಯ ಮೇಲೆ ಏನಿಟ್ಟಳೋ ಪುಣ್ಯಾತ್ಗಿತ್ತಿ. ಗಡ್ಡೆಗೆಣಸೋ, ತುರಿಕೆಸೊಪ್ಪೋ. ಏನೋ ಒಂದು ಬೇಯಿಸಿದಳಲ್ಲ."

"ನೀರು?" ಎಂದ ಬಚನಸಿಂಗ್. ಆದರೆ ಈಗ ಅವನ ಧ್ವನಿಯಲ್ಲಿ ವಾದ ಇರಲಿಲ್ಲ, ಅವನು ನಿಜವಾಗಿಯೂ ಯೋಚಿಸುತ್ತಿದ್ದ. "ಬೇಯಿಸಲು ನೀರು ಬೇಕಲ್ಲ. ಎಲ್ಲಿಂದ ತಂದರು?"

ಬಚನಸಿಂಗ್ ಗಡ್ಡ ಕೆರೆದುಕೊಂಡ.

"ಕಮರಿಯ ಅಂಚಿನಲ್ಲಿ ಮುಳ್ಳು ಹಬ್ಬಿದ ಜಾಗ ಇದೆ," ಎಂದ ನಿಧಾನವಾಗಿ. "ಒಮ್ಮೆ ತಪ್ಪಿಸಿಕೊಂಡ ಮೇಕೆ ಹುಡುಕುತ್ತ ನುಗ್ಗಿದ್ದೆ. ಕಲ್ಲಲ್ಲಿ ಕಡಿದ ಮೆಟ್ಟಿಲಿವೆ. ಮಧ್ಯೆ ಮಧ್ಯೆ ಸೊಂಟದೆತ್ತರಕ್ಕೆ ಗೂಡು ಕೊರೆದಿದ್ದಾರೆ. ದೀಪ ಇಡುವ ಗೂಡು ಅಂದುಕೊಂಡಿದ್ದೆ. ದೀಪಕ್ಕೆ ಅಷ್ಟು ದೊಡ್ಡ ಗೂಡು ಯಾಕೆ?"

"ಕೊಡ ಇಳಿಸಿ ಉಸಿರು ತಗೊಳ್ಳಲು," ಎಂದಳು ಖಿಮುಲಿ. "ಹೊತ್ತವಳಿಗೆ ಗೊತ್ತು."

"ಮೆಟ್ಟಿಲು ನೀರಿನವರೆಗೂ ಇವೆಯೋ ಏನೋ."

"ಇಲ್ಲದಿದ್ದರೆ ಇದ್ದಷ್ಟಕ್ಕೆ ಇನ್ನು ನಾಲ್ಕು ಕಡಿಯಿರಿ. ಗಂಡಸರು ಮೂಟೆ ಕಟ್ಟುವ ಬದಲು ಮುಳ್ಳು ಕಡಿಯಲಿ."

"ನಾನೂ ಬರುತ್ತೇನೆ," ಎಂದ ಚಂದ್ರಾಮ. ಗುರುಗಳ ಕಡೆ ನೋಡಿದ. ಅವರು ಗೋಡೆಗೊರಗಿಸಿದ್ದ ಕುಡುಗೋಲನ್ನು ಕಣ್ಣಲ್ಲೇ ತೋರಿಸಿದರು.

ಬಚನಸಿಂಗ್ ಆಗಲೇ ಇಳಿಯತೊಡಗಿದ್ದ. ಕುಡುಗೋಲು ಹಿಡಿದು ಚಂದ್ರಾಮ ಅವನ ಹಿಂದೆ ಹೊರಟ. ಖಿಮುಲಿ ಮಾತ್ರ ಹೊಸ್ತಿಲ ಹತ್ತಿರ ನಿಂತಳು. ಅವಳ ಮನಸ್ಸು ಒಂದು ಮಾತು ಕೇಳದೆ ಒಪ್ಪುತ್ತಿರಲಿಲ್ಲ. ಚಂದ್ರಾಮನೂ ಅದನ್ನು ಕೇಳಿಸಿಕೊಳ್ಳಲೆಂದೇ ಅಂಗಳದ ತುದಿಯಲ್ಲಿ ನಿಂತ.

"ಬಾಬಾ, ಅವಳಿಗೆ ಹನ್ನೊಂದು ವರ್ಷದ ಮೇಲೆ ಮಳೆ ಬಂತು. ನಮಗೆ ಯಾವಾಗ? ಹಿಮ ಅದನ್ನು ಹೇಳುವುದಿಲ್ಲವಾ?"

ಸ್ವಾಮಿಗಳು ಕಲೆಯಾದ ಪಂಚೆಯನ್ನು ಜೋಪಾನವಾಗಿ ಮಡಚಿ ಅವಳ ಕೈಗಿಟ್ಟರು.

"ಈ ವರ್ಷದ ಗೆರೆ ಇನ್ನೂ ಬಿದ್ದಿಲ್ಲ, ತಾಯಿ. ಹೋಗಿ ಒಲೆ ಹೊತ್ತಿಸು."